ನಮ್ಮ ಹಪ್ಪಳದ ಲೆಕ್ಕಕ್ಕೆ ಸರಿಯಾದ ಆಡಿಟರ್ ಸಿಗುವವರೆಗೆ

2025ರ ಏಪ್ರಿಲ್‌ನಲ್ಲಿ ಬಿಸು ಹಬ್ಬ ಕಳೆದು ಎರಡೋ ಮೂರೋ ದಿನ ಆಗಿತ್ತು. ಬ್ರಹ್ಮಾವರದ ಹತ್ತಿರ ನಮ್ಮ ಮನೆಯ ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕುತ್ತಿದ್ದೆ. ಮಂಗಳೂರಿನಿಂದ ಫೋನ್ ಬಂತು. ನಮ್ಮ ಹಪ್ಪಳ, ಬಾಳೆಕಾಯಿ ಚಿಪ್ಸ್, ಮಿಡಿ ಉಪ್ಪಿನಕಾಯಿ ತೆಗೆದುಕೊಳ್ಳುವ ಅಂಗಡಿಯವರು.

"ಅಕ್ಕ, ನಿಮ್ಮ ಬಿಲ್ಲು ಎರಡು ಕ್ವಾರ್ಟರಿಂದ ನಮ್ಮ 2ಬಿಯಲ್ಲಿ ಬರ್ತಾನೇ ಇಲ್ಲ. ಈಗ ನಿಮ್ಮ ಜಿಎಸ್‌ಟಿ ನಂಬರ್ ಹಾಕಿ ನೋಡಿದ್ರೆ ಸಸ್ಪೆಂಡ್ ಅಂತ ತೋರಿಸ್ತಾ ಉಂಟು. ಎಂತ ಆಯ್ತು? ಸರಿಯಾಗುವವರೆಗೆ ಪೇಮೆಂಟ್ ನಿಲ್ಲಿಸ್ಬೇಕಾಗ್ತದೆ" ಅಂದರು.

2ಬಿ ಅಂದರೆ ಏನು ಅಂತಲೇ ನನಗೆ ಆಗ ಗೊತ್ತಿರಲಿಲ್ಲ. ನಾವು ಮಾರಿದ್ದನ್ನು ನಮ್ಮ ರಿಟರ್ನಿನಲ್ಲಿ ತೋರಿಸಿದರೆ ಮಾತ್ರ ಅದು ಕೊಂಡವರ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಬರುತ್ತದೆ. ಆ ಪಟ್ಟಿಯಲ್ಲಿ ಬಂದರೆ ಮಾತ್ರ ನಮಗೆ ಕೊಟ್ಟ ತೆರಿಗೆಯನ್ನು ಅವರು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಅಂದರೆ ನಮ್ಮ ಕಡೆಯ ತಪ್ಪಿಗೆ ಅವರ ದುಡ್ಡು ಸಿಕ್ಕಿಬಿದ್ದಿತ್ತು. ಅವರು ಕೋಪ ಮಾಡಲಿಲ್ಲ. ಆದರೂ ನಾಚಿಕೆಯಿಂದ ನನಗೆ ಮಾತೇ ಹೊರಡಲಿಲ್ಲ.

ನಮ್ಮದು ಸಣ್ಣ ಉದ್ಯಮ. ಅತ್ತೆ, ನಾನು, ಊರಿನ ನಾಲ್ಕು ಹೆಂಗಸರು. 2019ರಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಶುರು ಮಾಡಿದ್ದು. ಈಗ ವರ್ಷಕ್ಕೆ 18 ಲಕ್ಷದ ಆಸುಪಾಸು ವ್ಯಾಪಾರ. ಮಂಗಳೂರಿನ ಅಂಗಡಿಗಳು ಜಿಎಸ್‌ಟಿ ಬಿಲ್ಲು ಬೇಕು ಅಂದದ್ದಕ್ಕೆ 2021ರಲ್ಲಿ ನಂಬರ್ ಮಾಡಿಸಿದೆವು. ಆಗ ಗಂಡನ ಕಡೆಯ ಸಂಬಂಧಿಕರೊಬ್ಬರು "ನಮ್ಮ ಆಡಿಟ್ರಿಗೇ ಕೊಡಿ, ಎಲ್ಲ ಅವರೇ ನೋಡಿಕೊಳ್ತಾರೆ" ಅಂದರು. ಕೊಟ್ಟೆವು. ತಿಂಗಳಿಗೆ 800 ರೂಪಾಯಿ. ಬಿಲ್ಲುಗಳನ್ನು ಕವರಿಗೆ ಹಾಕಿ ಕೊಡುವುದು, ಅವರು ಹೇಳಿದ ತೆರಿಗೆಯ ದುಡ್ಡನ್ನು ಅವರ ನಂಬರಿಗೆ ಗೂಗಲ್ ಪೇ ಮಾಡುವುದು, ಅಷ್ಟೇ ನನ್ನ ಕೆಲಸ. ನನ್ನ ಫೋನಿಗೆ ಒಂದು ಒಟಿಪಿ ಕೂಡ ಬರುತ್ತಿರಲಿಲ್ಲ. ತೊಂದರೆಯೇ ಇಲ್ಲ, ಒಳ್ಳೆಯದಾಯಿತು ಅಂದುಕೊಂಡಿದ್ದೆ.

ಆ ದಿನ ಸಂಜೆ ಮಗಳು ಫೋನಿನಲ್ಲಿ ಜಿಎಸ್‌ಟಿ ಪೋರ್ಟಲ್ ತೆರೆದು ನಮ್ಮ ನಂಬರ್ ಹಾಕಿದಳು. ಇದಕ್ಕೆ ಲಾಗಿನ್ ಬೇಡ, ಯಾರ ನಂಬರನ್ನಾದರೂ ಯಾರು ಬೇಕಾದರೂ ನೋಡಬಹುದು. ಕೆಳಗೆ ಫೈಲಿಂಗ್ ಟೇಬಲ್ ಅಂತ ಒಂದು ಬಟನ್ ಇದೆ. ಅದನ್ನು ಒತ್ತಿದರೆ ಯಾವ ರಿಟರ್ನ್ ಯಾವ ದಿನ ಸಲ್ಲಿಕೆಯಾಗಿದೆ ಅಂತ ಬರುತ್ತದೆ. ನಮ್ಮದು 2024ರ ಜೂನ್‌ಗೆ ನಿಂತಿತ್ತು. ಜುಲೈಯಿಂದ ಸೆಪ್ಟೆಂಬರ್ ಇಲ್ಲ, ಅಕ್ಟೋಬರಿನಿಂದ ಡಿಸೆಂಬರ್ ಇಲ್ಲ. ಆ ಎರಡು ಕ್ವಾರ್ಟರಿಗೆ ನಾನು ಒಟ್ಟು 46,300 ರೂಪಾಯಿ ಕಳಿಸಿ ಆಗಿತ್ತು. ನಿಮ್ಮ ಲೆಕ್ಕ ಬೇರೆಯವರು ನೋಡುತ್ತಿದ್ದರೆ ದಯವಿಟ್ಟು ಇವತ್ತೇ ಈ ಒಂದು ಕೆಲಸ ಮಾಡಿ. ಎರಡು ನಿಮಿಷ ಸಾಕು. ನಾಲ್ಕು ವರ್ಷದಲ್ಲಿ ನಾನು ಒಂದು ಸಲವೂ ಮಾಡಿರಲಿಲ್ಲ.

ಮರುದಿನದಿಂದ ಆ ಮನುಷ್ಯನಿಗೆ ಫೋನ್ ಮಾಡುತ್ತಲೇ ಇದ್ದೆ. ಒಮ್ಮೆ ಎತ್ತಿದರು. "ಪೋರ್ಟಲ್ ಪ್ರಾಬ್ಲಂ ಅಕ್ಕ, ಎರಡು ದಿನದಲ್ಲಿ ಮಾಡ್ತೇನೆ." ಮತ್ತೆ ಎತ್ತಲಿಲ್ಲ. ಉಡುಪಿಯ ಆಫೀಸಿಗೆ ಹೋದರೆ ಬಾಗಿಲು ಹಾಕಿತ್ತು. ಪಕ್ಕದ ಝೆರಾಕ್ಸ್ ಅಂಗಡಿಯ ಹುಡುಗ "ಅವರು ಈಗ ಯಾವಾಗಾದ್ರೂ ಒಮ್ಮೆ ಬರ್ತಾರೆ" ಅಂದ. ಹೀಗೆ ಹತ್ತು ಹನ್ನೆರಡು ದಿನ ಕಳೆಯಿತು. ಏಪ್ರಿಲ್ ಕೊನೆಗೆ ಮಗಳು ಮತ್ತೆ ನೋಡಿದಾಗ ಸಸ್ಪೆಂಡೆಡ್ ಅಂತ ಇದ್ದದ್ದು ಕ್ಯಾನ್ಸಲ್ಡ್ ಸುವೊಮೊಟೊ ಅಂತ ಆಗಿತ್ತು. ಇಲಾಖೆಯೇ ನಂಬರನ್ನು ರದ್ದು ಮಾಡಿದೆ ಅಂತ ಅರ್ಥ. ಆ ರಾತ್ರಿ ನಾನು ಮಲಗಲಿಲ್ಲ.

ಈ ಹತ್ತು ಹನ್ನೆರಡು ದಿನಕ್ಕೆ ಎಷ್ಟು ಬೆಲೆ ಅಂತ ಆಮೇಲೆ ತಿಳಿಯಿತು. ರಿಟರ್ನ್ ಹಾಕದೆ ಇದ್ದರೆ ಮೊದಲು ರೆಗ್-17 ಅಂತ ಒಂದು ನೋಟಿಸ್ ಬರುತ್ತದೆ. ಯಾಕೆ ರದ್ದು ಮಾಡಬಾರದು ಅಂತ ಏಳು ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ರದ್ದಿನ ಆದೇಶ ಆಗುವುದರೊಳಗೆ ಬಾಕಿ ರಿಟರ್ನನ್ನೆಲ್ಲ ದುಡ್ಡಿನ ಸಮೇತ ಹಾಕಿಬಿಟ್ಟರೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಆದೇಶ ಆದ ಮೇಲೆ ದಾರಿ ಉದ್ದ. ರಿಟರ್ನ್ ಹಾಕಿ, ರೆಗ್-21 ಅರ್ಜಿ ಕೊಟ್ಟು, ಅಧಿಕಾರಿ ಒಪ್ಪಬೇಕು. ಆ ಅರ್ಜಿಗೆ ಆದೇಶ ತಲುಪಿದ ದಿನದಿಂದ 90 ದಿನ ಸಮಯ. ನಮಗೆ ಆ ನೋಟಿಸ್ ಮಾರ್ಚ್ ಕೊನೆಗೇ ಬಂದಿತ್ತು. ಬಂದದ್ದು ಆ ಮನುಷ್ಯನ ಇಮೇಲಿಗೆ. ಪೋರ್ಟಲಿನಲ್ಲಿ ನಮ್ಮ ವ್ಯಾಪಾರದ ಇಮೇಲು, ಮೊಬೈಲು ಎರಡೂ ಅವರದ್ದೇ ಇತ್ತು.

ಹೀಗೆ ಒಂದೇ ಸಲ ಎರಡು ಕೆಲಸ ತಲೆಗೆ ಬಂತು. ಲಾಗಿನ್ ನಮ್ಮ ಕೈಗೆ ಬರಬೇಕು. ಮತ್ತೆ ಸರಿಯಾದ ಒಬ್ಬ ಆಡಿಟರ್ ಸಿಗಬೇಕು.

ನಮ್ಮೂರಿನ ಕಡೆ ತೆರಿಗೆ ಕೆಲಸ ಮಾಡುವ ಎಲ್ಲರನ್ನೂ ಆಡಿಟ್ರು ಅಂತಲೇ ಕರೆಯುವುದು. ನಾನೂ ಹಾಗೇ ಕರೆಯುತ್ತಿದ್ದೆ. ಆದರೆ ಒಳಗೆ ಬೇರೆ ಬೇರೆ ಜನ ಇದ್ದಾರೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ಒಬ್ಬರು. ಪರೀಕ್ಷೆ ಪಾಸಾಗಿ ಇಲಾಖೆಯಲ್ಲಿ ಹೆಸರು ಮಾಡಿಸಿಕೊಂಡ ಜಿಎಸ್‌ಟಿ ಪ್ರಾಕ್ಟೀಷನರ್ ಒಬ್ಬರು. ತೆರಿಗೆ ವಕೀಲರು ಇದ್ದಾರೆ. ಮತ್ತೆ ಸಿ.ಎ.ಗಳು. ರಿಟರ್ನ್ ಹಾಕುವುದಕ್ಕೆ ಸಿ.ಎ.ಯೇ ಆಗಬೇಕು ಅಂತ ಇಲ್ಲ. ಇನ್‌ಕಮ್ ಟ್ಯಾಕ್ಸ್ ಆಡಿಟ್ ರಿಪೋರ್ಟಿಗೆ ಸಹಿ ಹಾಕಲು ಮಾತ್ರ ಸಿ.ಎ. ಬೇಕು, ಆ ಆಡಿಟ್ ನಮ್ಮಷ್ಟು ಸಣ್ಣ ವ್ಯಾಪಾರಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಸಿ.ಎ. ಅಲ್ಲದವರಲ್ಲಿ ಚೆನ್ನಾಗಿ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಮ್ಮ ಎದುರಿಗೆ ಕೂತವರು ಇವರಲ್ಲಿ ಯಾರು ಅಂತ ನಮಗೆ ಗೊತ್ತಿರಬೇಕು ಅಲ್ವಾ? ನನ್ನ ಹಳೆಯ ಆಡಿಟ್ರು ಇದರಲ್ಲಿ ಯಾವುದೂ ಅಲ್ಲ ಅಂತ ತಿಳಿದದ್ದು ನಾಲ್ಕು ವರ್ಷದ ಮೇಲೆ. ಅವರು ಸಿ.ಎ. ಆಗಿದ್ದರೆ ಸಿ.ಎ.ಗಳ ಸಂಸ್ಥೆಯಾದ ಐಸಿಎಐಯ ಶಿಸ್ತು ವಿಭಾಗಕ್ಕೆ ದೂರು ಕೊಡಬಹುದಿತ್ತು. ಆ ದಾರಿಯೂ ನನಗೆ ಇರಲಿಲ್ಲ.

ಹುಡುಕಲು ಶುರು ಮಾಡಿದೆ. ಮೊದಲು ಹೋದದ್ದು ಮಂಗಳೂರಿಗೆ, ಒಂದು ದೊಡ್ಡ ಸಿ.ಎ. ಆಫೀಸಿಗೆ. ಬೆಳಿಗ್ಗೆಯ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಹೋಗಿ ಎರಡು ಗಂಟೆ ಕಾದೆ. ಮೊದಲು ಆರ್ಟಿಕಲ್‌ಶಿಪ್ (ಸಿ.ಎ. ತರಬೇತಿ) ಮಾಡುವ ಹುಡುಗಿ ವಿವರ ಬರೆದುಕೊಂಡಳು. ಆಮೇಲೆ ಹಿರಿಯ ಸಿ.ಎ. ಐದು ನಿಮಿಷ ಮಾತಾಡಿದರು. ವರ್ಷಕ್ಕೆ 36,000 ಅಂದರು. ನನ್ನ ಮುಖ ನೋಡಿ ಅವರೇ ಹೇಳಿದರು: "ಅಮ್ಮ, ನಿಮ್ಮ ವ್ಯಾಪಾರಕ್ಕೆ ನಾವು ಬೇಡ. ನಮ್ಮಲ್ಲಿ ನಿಮ್ಮ ಫೈಲು ಕೊನೆಗೆ ಉಳೀತದೆ. ಉಡುಪಿಯಲ್ಲೇ ಸಣ್ಣ ಪ್ರಾಕ್ಟೀಸ್ ಇರುವವರನ್ನು ನೋಡಿ." ದುಡ್ಡು ಬರುವ ಕೆಲಸವನ್ನು ಬೇಡ ಅಂದ ಅವರ ಮೇಲೆ ನನಗೆ ಈಗಲೂ ಗೌರವ ಇದೆ.

ಎರಡನೆಯವರು ನಮ್ಮ ಕಡೆಯವರೇ. ಆಫೀಸಿನ ಹೊರಗೆ ದೊಡ್ಡ ಬೋರ್ಡು. ನನ್ನ ಕಥೆ ಪೂರ್ತಿ ಕೇಳುವ ಮೊದಲೇ "ಆ ನಂಬರ್ ಬಿಟ್ಟುಬಿಡಿ, ಯಜಮಾನ್ರ ಹೆಸರಲ್ಲಿ ಹೊಸದು ತೆಗಿಯುವ. ಹಳೇ ಬಾಕಿ ಕಟ್ಟುವುದೂ ಬೇಡ. ಉಳಿದದ್ರಲ್ಲಿ ನನಗೆ ಇಪ್ಪತ್ತು ಪರ್ಸೆಂಟ್ ಕೊಡಿ ಸಾಕು" ಅಂದರು. ಆ ಕ್ಷಣಕ್ಕೆ ಮನಸ್ಸು ಆ ಕಡೆ ವಾಲಿತು ಅಂತ ಒಪ್ಪಿಕೊಳ್ಳುತ್ತೇನೆ. ಅಷ್ಟು ದಣಿದಿದ್ದೆ. ಆದರೆ ಬಿಲ್ಲಿನಲ್ಲಿ ತೆರಿಗೆ ಅಂತ ಬರೆದು ಅಂಗಡಿಯವರಿಂದ ನಾವು ತೆಗೆದುಕೊಂಡ ದುಡ್ಡು ಅದು. ಅದನ್ನು ಸರ್ಕಾರಕ್ಕೆ ಕಟ್ಟಲೇಬೇಕು. ಕಟ್ಟದಿದ್ದರೆ ಆ ಅಂಗಡಿಯವರ ಗತಿ ಏನು? ಮನೆಗೆ ಬಂದು ಮಗಳ ಕೈಯಲ್ಲಿ ಐಸಿಎಐಯ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರು ಹುಡುಕಿಸಿದೆ. ಇರಲಿಲ್ಲ.

ಇಲ್ಲಿ ಒಂದು ಮಾತು. ಸಿ.ಎ. ಅಂದರೆ ಆರು ಅಂಕಿಯ ಸದಸ್ಯತ್ವ ಸಂಖ್ಯೆ ಇರುತ್ತದೆ. ಕೇಳಿದರೆ ಯಾರೂ ಬೇಜಾರು ಮಾಡುವುದಿಲ್ಲ. ಸದಸ್ಯರಾದರೆ ಮಾತ್ರ ಸಾಲದು, ಪ್ರಾಕ್ಟೀಸ್ ಮಾಡಲು ಬೇರೆ ಪ್ರಮಾಣಪತ್ರ ಇರಬೇಕು. ಕಂಪನಿಯಲ್ಲಿ ಕೆಲಸದಲ್ಲಿರುವ ಸಿ.ಎ.ಗಳಿಗೆ ಸಾಮಾನ್ಯವಾಗಿ ಅದು ಇರುವುದಿಲ್ಲ. ಉಳಿಸಿದ ದುಡ್ಡಿನಲ್ಲಿ ಇಷ್ಟು ಪಾಲು ಅಂತ ಸಿ.ಎ. ಫೀಸು ಕೇಳುವ ಹಾಗೂ ಇಲ್ಲ, ಅದು ಅವರ ನಿಯಮಕ್ಕೆ ವಿರುದ್ಧ. ಉಡುಪಿಯಲ್ಲೂ ಮಂಗಳೂರಿನಲ್ಲೂ ಐಸಿಎಐ ಶಾಖೆ ಇದೆ. ಸಂಶಯ ಬಂದರೆ ಅಲ್ಲಿ ವಿಚಾರಿಸಬಹುದು.

ಮೂರನೆಯವರನ್ನು ತೋರಿಸಿದ್ದು ನಮಗೆ ತೆಂಗಿನೆಣ್ಣೆ ಕೊಡುವ ಮಿಲ್ಲಿನವರು. ಅವರದ್ದೂ ನಮ್ಮಂಥದ್ದೇ ವ್ಯಾಪಾರ. ಅವರಿಗೂ ಹಿಂದೆ ನೋಟಿಸ್ ಬಂದಿತ್ತು. "ಆವಾಗ ಅವರೇ ಜೊತೆಗೆ ಆಫೀಸಿಗೆ ಬಂದಿದ್ರು" ಅಂದರು. ಯಾರನ್ನಾದರೂ ಕೇಳುವಾಗ "ಒಳ್ಳೆಯವರಾ?" ಅಂತ ಕೇಳಬೇಡಿ. ಎಲ್ಲರೂ ಹೌದು ಅಂತಾರೆ. ನೋಟಿಸ್ ಬಂದಾಗ ಏನು ಮಾಡಿದರು ಅಂತ ಕೇಳಿ.

ಆ ಸಿ.ಎ. ಮೇಡಂ ಆಫೀಸು ಉಡುಪಿಯಲ್ಲಿ, ಒಂದು ಮಹಡಿ ಹತ್ತಿದರೆ ಎರಡು ಕೋಣೆ. ನನಗಿಂತ ಸಣ್ಣ ಪ್ರಾಯ. ನಾನು ಹೋದ ಕೂಡಲೇ ಕಾಗದಪತ್ರ ಕೇಳಲಿಲ್ಲ, ಫೀಸೂ ಹೇಳಲಿಲ್ಲ. "ಏನೇನು ಮಾಡ್ತೀರಿ, ಯಾರಿಗೆ ಕೊಡ್ತೀರಿ, ಮೊದಲಿಂದ ಹೇಳಿ" ಅಂದರು. ಹಲಸಿನಕಾಯಿ ಎಲ್ಲಿಂದ ತರುತ್ತೀರಿ, ಎಣ್ಣೆಗೆ ಬಿಲ್ಲು ಇದೆಯಾ, ಪ್ಯಾಕೆಟಿನ ಮೇಲೆ ಲೇಬಲ್ ಇದೆಯಾ, ಕ್ಯಾಶ್ ಎಷ್ಟು, ಬ್ಯಾಂಕಿಗೆ ಎಷ್ಟು ಅಂತ ಒಂದೊಂದಾಗಿ ಕೇಳಿದರು. ಆಮೇಲೆ ನಾನು ತಂದಿದ್ದ ಬಿಲ್ ಪುಸ್ತಕ ತೆರೆದರು. ಕಾರ್ಬನ್ ಪ್ರತಿಯ ಮಸುಕು ಅಕ್ಷರವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಹಪ್ಪಳಕ್ಕೆ ಯಾಕೆ ಹನ್ನೆರಡು ಹಾಕಿದ್ದೀರಿ?"

ಎಲ್ಲದಕ್ಕೂ ಹನ್ನೆರಡು ಪರ್ಸೆಂಟ್ ತೆರಿಗೆ ಹಾಕಿ ಅಂತ ಹಳೆಯವರು ಹೇಳಿದ್ದರು, ಹಾಗೇ ಬರೆಯುತ್ತಿದ್ದೆ ಅಂದೆ.

"ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ ಅಕ್ಕ. ಯಾವ ಹೆಸರಿನ ಹಪ್ಪಳ ಆದ್ರೂ ಸೊನ್ನೆ. ಚಿಪ್ಸಿಗೆ, ಉಪ್ಪಿನಕಾಯಿಗೆ ಮಾತ್ರ ಹನ್ನೆರಡು."

ನಾಲ್ಕು ವರ್ಷ ಅತ್ತೆ ತಟ್ಟಿದ ಒಂದೊಂದು ಕಟ್ಟು ಹಪ್ಪಳದ ಮೇಲೂ ನಾವು ಇಲ್ಲದ ತೆರಿಗೆ ಹಾಕಿದ್ದೆವು. ಬೇರೆಯವರ ಹಪ್ಪಳಕ್ಕಿಂತ ನಮ್ಮದು ದುಬಾರಿ ಅಂತ ಎರಡು ಅಂಗಡಿಯವರು ಬಿಟ್ಟದ್ದೂ ನೆನಪಾಯಿತು. ಕಣ್ಣಲ್ಲಿ ನೀರು ಬಂತು. ಹಿಂದೆ ಬಿಲ್ಲಿನಲ್ಲಿ ತೆರಿಗೆ ಅಂತ ತೆಗೆದುಕೊಂಡದ್ದು ಸರ್ಕಾರಕ್ಕೇ ಸೇರಬೇಕು, ಇನ್ನು ಮುಂದೆ ಸರಿ ಮಾಡುವ ಅಂದರು ಮೇಡಂ.

ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. ಅದರಿಂದಲೇ ನನಗೆ ಇವರೇ ಸರಿ ಅನ್ನಿಸಿದ್ದು. "ನಿಮಗೆ ಈ ನಂಬರ್ ನಿಜವಾಗಿ ಬೇಕಾ?" ವಸ್ತು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಕಡ್ಡಾಯ ಅಲ್ಲ. ಸೇವೆ ಕೊಡುವವರಿಗೆ ಆ ಮಿತಿ 20 ಲಕ್ಷ. ನಮ್ಮದು 18 ಲಕ್ಷ. ಹಾಗಾದರೆ ಬೇಡವಲ್ಲ ಅಂದೆ. "ಮುಂಬೈಗೆ ಕಳಿಸುವುದು ಉಂಟಾ?" ಅಂದರು. ಉಂಟು, ನಮ್ಮ ಭಾವ ಅಲ್ಲಿಯ ಎರಡು ಅಂಗಡಿಗೆ ಚಿಪ್ಸು, ಉಪ್ಪಿನಕಾಯಿ ತರಿಸುತ್ತಾರೆ. ತೆರಿಗೆ ಇರುವ ವಸ್ತುವನ್ನು ಬೇರೆ ರಾಜ್ಯಕ್ಕೆ ಮಾರುವುದಾದರೆ ವ್ಯಾಪಾರ ಎಷ್ಟೇ ಸಣ್ಣದಿರಲಿ, ನೋಂದಣಿ ಬೇಕೇ ಬೇಕು. ಸಣ್ಣ ವ್ಯಾಪಾರಿಗಳು ವ್ಯಾಪಾರದ ಮೇಲೆ ಒಂದು ಪರ್ಸೆಂಟ್ ಕಟ್ಟುವ ಕಾಂಪೊಸಿಷನ್ ಸ್ಕೀಮಿಗೂ ಹೊರ ರಾಜ್ಯಕ್ಕೆ ಮಾರುವವರು ಹೋಗುವಂತಿಲ್ಲ. ಹಾಗಾಗಿ ನಂಬರ್ ಉಳಿಸಿಕೊಳ್ಳಬೇಕು, ರೆಗ್ಯುಲರ್ ಆಗಿಯೇ ಇರಬೇಕು ಅಂತ ತೀರ್ಮಾನ ಆಯಿತು. ಹಳೆಯವರು ನಾಲ್ಕು ವರ್ಷದಲ್ಲಿ ಇದನ್ನು ಒಂದು ಸಲವೂ ಕೇಳಿರಲಿಲ್ಲ.

ನಲವತ್ತು ನಿಮಿಷ ಆಯಿತು. ಕೊನೆಗೆ ಫೀಸು ಹೇಳಿದರು. ರದ್ದಾದ ನಂಬರ್ ವಾಪಸ್ ತರುವ ಕೆಲಸಕ್ಕೆ 6,000, ಆಮೇಲೆ ತಿಂಗಳಿಗೆ 1,500. ಹಳೆಯವರಿಗಿಂತ ಸುಮಾರು ಎರಡರಷ್ಟು. ನಾನು ಚೌಕಾಸಿ ಮಾಡಲಿಲ್ಲ.

ಲಾಗಿನ್ ವಾಪಸ್ ಪಡೆಯುವ ಕೆಲಸ ಮಾತ್ರ ನಾನೇ ಮಾಡಬೇಕಾಯಿತು. ಈ ತೊಂದರೆ ಎಷ್ಟು ಜನರಿಗೆ ಆಗುತ್ತದೋ, ಇದಕ್ಕೆ ಅಂತಲೇ ಇಲಾಖೆಯಲ್ಲಿ ಒಂದು ಕ್ರಮ ಇದೆ. ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಹತ್ತಿರ ಹೋಗಿ, ಇಮೇಲು ಮೊಬೈಲು ನಮ್ಮದಲ್ಲ ಅಂತ ಅರ್ಜಿ ಕೊಡಬೇಕು. ಅವರು ದಾಖಲೆ ನೋಡಿ ನಿಮ್ಮ ಇಮೇಲು, ಮೊಬೈಲು ಹಾಕಿ ಕೊಡುತ್ತಾರೆ. ಆಮೇಲೆ ಆ ಇಮೇಲಿಗೆ ಯೂಸರ್ ನೇಮ್, ತಾತ್ಕಾಲಿಕ ಪಾಸ್‌ವರ್ಡ್ ಬರುತ್ತದೆ. ವ್ಯಾಪ್ತಿ ಕೇಂದ್ರದ್ದಾ ರಾಜ್ಯದ್ದಾ ಅಂತ ಮೊದಲು ನೋಡಿಕೊಳ್ಳಿ. ಪೋರ್ಟಲಿನಲ್ಲಿ ನಂಬರ್ ಹಾಕಿದಾಗ ಅಲ್ಲೇ ಬರೆದಿರುತ್ತದೆ. ನಮ್ಮದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೆ ಸೇರಿತ್ತು.

ನಾನು ಮೂರು ಸಲ ಹೋದೆ. ಮೊದಲ ಸಲ ಪ್ಯಾನ್, ಆಧಾರ್ ಮಾತ್ರ ತೆಗೆದುಕೊಂಡು ಹೋಗಿದ್ದೆ. ವ್ಯಾಪಾರದ ಜಾಗದ ದಾಖಲೆಯೂ ಬೇಕು ಅಂದರು. ಮನೆ ಅತ್ತೆಯ ಹೆಸರಲ್ಲಿ ಇದೆ, ಹಾಗಾಗಿ ಮನೆ ತೆರಿಗೆ ರಸೀದಿ, ಕರೆಂಟ್ ಬಿಲ್ಲು, ಅತ್ತೆಯ ಒಪ್ಪಿಗೆ ಪತ್ರ ಎಲ್ಲ ಸೇರಿಸಿದೆ. ಎರಡನೇ ಸಲ ಅಧಿಕಾರಿ ಮೀಟಿಂಗಿಗೆ ಹೋಗಿದ್ದರು. ಸಂಜೆ ನಾಲ್ಕರವರೆಗೆ ಬೆಂಚಿನ ಮೇಲೆ ಕೂತು ವಾಪಸ್ ಬಂದೆ. ಮೂರನೇ ಸಲ, ಮೇ 9ಕ್ಕೆ, ಕೆಲಸ ಆಯಿತು. ಅಧಿಕಾರಿ ಗದರಿಸುತ್ತಾರೆ ಅಂತ ಹೆದರಿಕೊಂಡೇ ಹೋಗಿದ್ದೆ. ಅವರು "ಇಂಥ ಕೇಸು ತುಂಬ ಬರ್ತದಮ್ಮ, ಇನ್ನು ಯಾರ ಕೈಗೂ ಕೊಡ್ಬೇಡಿ" ಅಂದರು ಅಷ್ಟೇ. ಹೊರಗೆ ಮರದ ಕೆಳಗೆ ನಿಂತಿದ್ದಾಗ ಫೋನಿಗೆ ಇಮೇಲು ಬಂತು. ನಮ್ಮ ವ್ಯಾಪಾರದ ಹೆಸರನ್ನು ನಾನು ಪೋರ್ಟಲಿನ ಒಳಗೆ ನೋಡಿದ್ದು ಅದೇ ಮೊದಲು.

ಇನ್‌ಕಮ್ ಟ್ಯಾಕ್ಸ್ ಲಾಗಿನ್ ಸುಲಭ. ಅಲ್ಲಿಯೂ ಅವರದ್ದೇ ಮೊಬೈಲ್ ಇತ್ತು, ಆದರೆ ಆಧಾರ್ ಒಟಿಪಿಯಿಂದ ಪಾಸ್‌ವರ್ಡ್ ಬದಲಾಯಿಸಬಹುದು. ನಮ್ಮ ಆಧಾರಿಗೆ ನಮ್ಮ ಮೊಬೈಲ್ ಸೇರಿದ್ದರೆ ಸಾಕು. ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷದಲ್ಲಿ ಆಯಿತು. ಆ ಕಡೆ ದೊಡ್ಡ ತಪ್ಪು ಇರಲಿಲ್ಲ.

ಇನ್ನು ಉಳಿದದ್ದು ಹಳೆಯವರ ಹತ್ತಿರ ಇದ್ದ ಬಿಲ್ಲುಗಳು. ಸಂಬಂಧಿಕರನ್ನು ಜೊತೆಗೆ ಕರೆದುಕೊಂಡು ಅವರ ಮನೆಗೇ ಹೋದೆವು. ಅವರ ಮನೆಯಲ್ಲಿ ಆರೋಗ್ಯದ ಕಷ್ಟ ಇತ್ತಂತೆ, ಸಾಲವೂ ಆಗಿತ್ತಂತೆ. ನನ್ನ ದುಡ್ಡು ಅದಕ್ಕೇ ಹೋಗಿರಬೇಕು. ಕೋಪದಲ್ಲಿ ಹೋದವಳಿಗೆ ಅವರ ಹೆಂಡತಿ ನೀರು ತಂದು ಕೊಟ್ಟಾಗ ಏನು ಹೇಳುವುದು ಅಂತ ತೋಚಲಿಲ್ಲ. ಬಿಲ್ಲಿನ ಚೀಲ ಕೊಟ್ಟರು. ಮನೆಗೆ ತಂದು ಬಿಚ್ಚಿದೆ. ನಾನು ಹಿಂದಿನ ಆಗಸ್ಟಿನಲ್ಲಿ ಕೊಟ್ಟ ಕಂದು ಕವರು ಹಾಗೇ ಇತ್ತು. ಬಾಯಿಗೆ ನಾನೇ ಹೊಡೆದ ಸ್ಟೇಪ್ಲರ್ ಪಿನ್ನು ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು, ಕಾಗದದ ಮೇಲೆ ಎರಡು ಕೆಂಪು ಚುಕ್ಕೆ ಬಿದ್ದಿತ್ತು. ಒಳಗಿನ ಒಂದು ಬಿಲ್ಲನ್ನೂ ಯಾರೂ ಮುಟ್ಟಿರಲಿಲ್ಲ. ಆ ಕವರನ್ನು ನಾನು ಬಿಸಾಡಿಲ್ಲ.

ದುಡ್ಡಿನಲ್ಲಿ 20,000 ಜೂನ್‌ನಲ್ಲಿ ವಾಪಸ್ ಕೊಟ್ಟರು. ಉಳಿದ 26,300 ಇನ್ನೂ ಬಂದಿಲ್ಲ. ತೆರಿಗೆಯ ದುಡ್ಡನ್ನು ಯಾರ ಖಾತೆಗೂ ಕಳಿಸಬೇಡಿ. ಪೋರ್ಟಲಿನಲ್ಲಿ ಚಲನ್ ಮಾಡಿದರೆ ಹದಿನಾಲ್ಕು ಅಂಕಿಯ ಒಂದು ನಂಬರ್ ಬರುತ್ತದೆ. ಅದನ್ನು ಇಟ್ಟುಕೊಂಡು ನಿಮ್ಮ ಬ್ಯಾಂಕಿನಿಂದ ನೀವೇ ಕಟ್ಟಬಹುದು. ಲೆಕ್ಕ ಮಾಡುವವರು ಚಲನ್ ಮಾಡಿ ಕಳಿಸಿದರೆ ಸಾಕು, ದುಡ್ಡು ಅವರ ಕೈಗೆ ಹೋಗುವ ಅಗತ್ಯವೇ ಇಲ್ಲ.

ಮೇ 20ಕ್ಕೆ ಬಾಕಿ ಎರಡು ಕ್ವಾರ್ಟರ್, ಜೊತೆಗೆ ಜನವರಿಯಿಂದ ಮಾರ್ಚ್‌ನದ್ದು, ಮೂರೂ ರಿಟರ್ನ್ ಹಾಕಿದೆವು. ತಡವಾದದ್ದಕ್ಕೆ ಒಂದು 3ಬಿಗೆ (ತೆರಿಗೆ ಕಟ್ಟಿ ಹಾಕುವ ರಿಟರ್ನ್) ದಿನಕ್ಕೆ 50 ರೂಪಾಯಿ. ವರ್ಷಕ್ಕೆ ಒಂದೂವರೆ ಕೋಟಿಯೊಳಗಿನ ವ್ಯಾಪಾರಕ್ಕೆ ಒಂದು ರಿಟರ್ನಿಗೆ 2,000ಕ್ಕಿಂತ ಜಾಸ್ತಿ ಆಗುವುದಿಲ್ಲ. ನಮಗೆ ಒಟ್ಟು 5,400 ಆಯಿತು. ಬಡ್ಡಿ ವರ್ಷಕ್ಕೆ 18 ಪರ್ಸೆಂಟ್, ಅದು ನಾಲ್ಕು ಸಾವಿರ ಚಿಲ್ಲರೆ. ಒಮ್ಮೆ ಕೊಟ್ಟಿದ್ದ 46,300ನ್ನು ಮತ್ತೆ ಕಟ್ಟಬೇಕಾಯಿತು. ಅದಕ್ಕೆ ನನ್ನ ಬಳೆ ಸೊಸೈಟಿಯಲ್ಲಿ ಅಡವಿಟ್ಟೆ.

ರೆಗ್-21 ಅರ್ಜಿ ಮರುದಿನವೇ ಹೋಯಿತು. ಇನ್ನು ಮುಗಿಯಿತು ಅಂದುಕೊಂಡೆ. ಹತ್ತು ದಿನ ಬಿಟ್ಟು ಇನ್ನೊಂದು ನೋಟಿಸ್ ಬಂತು. ಅರ್ಜಿಯನ್ನು ಯಾಕೆ ತಿರಸ್ಕರಿಸಬಾರದು ಅಂತ ಇತ್ತು ಅದರಲ್ಲಿ. ಓದಿ ಕೈಕಾಲು ತಣ್ಣಗಾಯಿತು. ಮೇಡಂಗೆ ಫೋನ್ ಮಾಡಿದೆ. "ಹೆದರಬೇಡಿ ಅಕ್ಕ, ಇದು ಕೇಳುವ ಕ್ರಮ ಅಷ್ಟೇ. ಏಳು ಕೆಲಸದ ದಿನ ಉಂಟು" ಅಂದು ರಿಟರ್ನಿನ ಪ್ರತಿ, ಕಟ್ಟಿದ ಚಲನ್, ಬ್ಯಾಂಕ್ ಸ್ಟೇಟ್‌ಮೆಂಟ್, ನಡೆದ ಸಂಗತಿಯ ಒಂದು ಪತ್ರ ಎಲ್ಲ ಸೇರಿಸಿ ಉತ್ತರ ಹಾಕಿದರು. ಪತ್ರವನ್ನು ನನ್ನ ಕೈಯಲ್ಲೇ ಬರೆಸಿ ಆಮೇಲೆ ತಿದ್ದಿದರು. ಜೂನ್ 17ಕ್ಕೆ ರದ್ದತಿ ವಾಪಸ್ ಪಡೆದ ಆದೇಶ ಬಂತು. ಮಳೆ ಜೋರಾಗಿತ್ತು, ಕರೆಂಟ್ ಇರಲಿಲ್ಲ. ಫೋನಿನ ಬೆಳಕಲ್ಲಿ ಆ ಆದೇಶವನ್ನು ಅತ್ತೆಗೆ ಓದಿ ಹೇಳಿದೆ.

ಆ ದಿನವೇ ಮಂಗಳೂರಿನ ಅಂಗಡಿಯವರಿಗೆ ತಿಳಿಸಿದೆ. ಅವರಿಗೆ ನಷ್ಟ ಆಗುತ್ತದೋ ಅಂತ ನನಗೆ ಹೆದರಿಕೆ ಇತ್ತು. ಆಗುವುದಿಲ್ಲ. 2024-25ರ ಬಿಲ್ಲಿನ ತೆರಿಗೆಯನ್ನು ಅವರು 2025ರ ನವೆಂಬರ್ 30ರವರೆಗೆ ತೆಗೆದುಕೊಳ್ಳಬಹುದಿತ್ತು. ತಡೆಹಿಡಿದಿದ್ದ 31,000 ಬಿಡುಗಡೆ ಮಾಡಿದರು. ನಿಮ್ಮದೂ ಹೀಗೆ ಆದರೆ ಕೊಂಡವರಿಗೆ ಆ ವರ್ಷದ ಬಿಲ್ಲಿನ ಕೊನೆಯ ತಾರೀಕನ್ನು ಮೊದಲೇ ಹೇಳಿ, ಅವರಿಗೆ ಧೈರ್ಯ ಬರುತ್ತದೆ. ಮುಚ್ಚಿಡಬೇಡಿ.

ಜುಲೈಯಲ್ಲಿ ಯುಪಿಐ ವ್ಯವಹಾರ ನೋಡಿ ಸಣ್ಣ ಅಂಗಡಿಗಳಿಗೆ ತೆರಿಗೆ ನೋಟಿಸ್ ಬಂದ ಸುದ್ದಿ ರಾಜ್ಯದಲ್ಲೆಲ್ಲ ಹಬ್ಬಿತು. ಮೇಡಂ ಆಫೀಸಿನ ಮೆಟ್ಟಿಲಲ್ಲೂ ಜನ. ನಮ್ಮ ಊರಿನ ತರಕಾರಿಯವನು ಕ್ಯೂಆರ್ ಕೋಡನ್ನೇ ತೆಗೆದು ಒಳಗಿಟ್ಟಿದ್ದ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ ಮಾರಾಯ, ಲೆಕ್ಕ ಬರೆದಿಟ್ಟುಕೋ ಸಾಕು ಅಂತ ಅವನಿಗೆ ಹೇಳಿದೆ. ಮೂರು ತಿಂಗಳ ಹಿಂದೆ ಇದು ನನಗೂ ಗೊತ್ತಿರಲಿಲ್ಲ.

ಆ ಗಲಾಟೆಯೆಲ್ಲ ಇಳಿದ ಮೇಲೆ ಮೇಡಂ ಜೊತೆ ಕೂತು ಒಂದು ಪುಟದ ಪತ್ರ ಮಾಡಿಕೊಂಡೆವು. ಯಾವ ಯಾವ ಕೆಲಸ ಅವರದ್ದು, ಫೀಸು ಎಷ್ಟು, ಬಿಲ್ಲು ನಾನು ಯಾವ ತಾರೀಕಿನೊಳಗೆ ಕೊಡಬೇಕು, ನೋಟಿಸ್ ಬಂದರೆ ಅದಕ್ಕೆ ಬೇರೆ ಫೀಸಾ ಅಂತ ಎಲ್ಲ ಅದರಲ್ಲಿದೆ. ಇಮೇಲು ಮೊಬೈಲು ನನ್ನದೇ ಇರುತ್ತದೆ ಅಂತ ನಾನು ಕೇಳುವ ಮೊದಲೇ ಅವರೇ ಬರೆದಿದ್ದರು. ಬಿಲ್ಲುಗಳ ಮೂಲ ಪ್ರತಿ ನನ್ನ ಹತ್ತಿರ, ಅವರಿಗೆ ಝೆರಾಕ್ಸ್. ಜಿಎಸ್‌ಟಿ ಲೆಕ್ಕಪತ್ರವನ್ನು ಆರು ವರ್ಷಕ್ಕಿಂತ ಮೇಲೆ ಇಡಬೇಕಾಗುತ್ತದೆ, ಹಾಗಾಗಿ ಒಂದು ಕಬ್ಬಿಣದ ಪೆಟ್ಟಿಗೆಗೆ ಹಾಕಿ, ತೇವ ಹಿಡಿಯದ ಹಾಗೆ ಅಟ್ಟದಲ್ಲಿ ಇಟ್ಟಿದ್ದೇನೆ.

ಮಳೆಗಾಲದಲ್ಲಿ ಹಪ್ಪಳ ಒಣಗಿಸಲು ಒಂದು ಡ್ರೈಯರ್ ಬೇಕು ಅಂತ ಬ್ಯಾಂಕಿಗೆ ಹೋದಾಗ ಸಿ.ಎ. ಸರ್ಟಿಫಿಕೇಟ್ ಕೇಳಿದರು. ಮೇಡಂ ಕೊಟ್ಟದ್ದರಲ್ಲಿ ಯುಡಿಐಎನ್ ಅಂತ 18 ಅಂಕಿ-ಅಕ್ಷರಗಳ ಒಂದು ಸಂಖ್ಯೆ ಇತ್ತು. ಮ್ಯಾನೇಜರ್ ಅದನ್ನು ನನ್ನ ಎದುರಿಗೇ ಐಸಿಎಐಯ ಯುಡಿಐಎನ್ ಪೋರ್ಟಲಿನಲ್ಲಿ ಹಾಕಿ ನೋಡಿದರು. ಸಿ.ಎ. ಕೊಡುವ ಸರ್ಟಿಫಿಕೇಟಿಗೆ 2019ರಿಂದ ಇದು ಕಡ್ಡಾಯ. ಎರಡು ವರ್ಷದ ಹಿಂದೆ ಹಳೆಯವರು ಎಲ್ಲಿಂದಲೋ ಸೀಲು ಹಾಕಿಸಿ ತಂದುಕೊಟ್ಟ ಕಾಗದವನ್ನು ಇದೇ ಬ್ಯಾಂಕು ವಾಪಸ್ ಮಾಡಿತ್ತು. ಯಾಕೆ ಅಂತ ಆಗ ಕೇಳಿರಲಿಲ್ಲ.

ಸೆಪ್ಟೆಂಬರ್ 21, ಭಾನುವಾರ ಸಂಜೆ ಮೇಡಂ ಫೋನ್ ಮಾಡಿದರು. "ಅಕ್ಕ, ನಾಳೆಯಿಂದ ಚಿಪ್ಸಿಗೆ, ಉಪ್ಪಿನಕಾಯಿಗೆ ಹನ್ನೆರಡು ಅಲ್ಲ, ಐದು. ನಾಳೆ ಬೆಳಿಗ್ಗೆ ಬಿಲ್ಲು ಬರೆಯುವಾಗ ನೆನಪಿರಲಿ." ಭಾನುವಾರ ಯಾರೂ ಹೇಳದೆ ಅವರೇ ಮಾಡಿದ ಫೋನ್ ಅದು. ಹೊಸ ಬಿಲ್ ಪುಸ್ತಕದ ರಟ್ಟಿನ ಒಳಗೆ ದೊಡ್ಡದಾಗಿ ಬರೆದಿಟ್ಟೆ: ಹಪ್ಪಳ 0, ಚಿಪ್ಸ್ 5, ಉಪ್ಪಿನಕಾಯಿ 5.

ಅಕ್ಟೋಬರ್ 13 ಆ ಕ್ವಾರ್ಟರಿನ ಮಾರಾಟದ ಬಿಲ್ಲುಗಳನ್ನು ತೋರಿಸುವ ರಿಟರ್ನ್ ಆದ ಜಿಎಸ್‌ಟಿಆರ್-1ರ ಕೊನೆಯ ದಿನ. ಎರಡು ದಿನ ಮೊದಲೇ ಹಾಕಿದೆವು. ಒಲೆಯ ಮೇಲೆ ಬಾಣಲೆ ಇತ್ತು. ಒಟಿಪಿ ಬಂತು. ಕೈ ಒರೆಸಿಕೊಂಡು, ಯಾವ ರಿಟರ್ನಿಗೆ ಅಂತ ಓದಿ ನೋಡಿ, ನಂಬರ್ ಹೇಳಿದೆ.

14ಕ್ಕೆ ಮಂಗಳೂರಿನಿಂದ ಫೋನ್. "ಅಕ್ಕ, ನಿಮ್ಮ ಬಿಲ್ಲೆಲ್ಲ 2ಬಿಯಲ್ಲಿ ಬಂದಿದೆ. ದೀಪಾವಳಿಗೆ ಐವತ್ತು ಕಿಲೋ ಚಿಪ್ಸು ಬೇಕಿತ್ತು, ಹಪ್ಪಳ ಎಷ್ಟು ಉಂಟು?"